ಕುದುರೆಯಿಲ್ಲದ ಗಾಡಿಯ ಕಾರ್ಲ್ ಬೆಂಜ್

ಮಕ್ಕಳೇ, ನಿಮ್ಮ ಊರಿನ ಗ್ಯಾರೇಜಿನ ಮುಂದೆ ಐದು ನಿಮಿಷ ನಿಂತು ಕಿವಿಗೊಡಿ. ಕ್ಲಚ್ ಪ್ಲೇಟ್ ಹೋಗಿದೆ, ಬ್ರೇಕ್ ಲೈನರ್ ಸವೆದಿದೆ, ಪ್ಲಗ್ ಒರೆಸಬೇಕು, ರೇಡಿಯೇಟರ್‌ಗೆ ನೀರು ಹಾಕಬೇಕು ಎಂಬ ಮಾತುಗಳು ಕೇಳಿಸುತ್ತವೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಇರುವ ಕಡೆಯಲ್ಲೆಲ್ಲ ಈ ಪದಗಳು ಇದ್ದೇ ಇರುತ್ತವೆ. ಆದರೆ ಈ ಭಾಗಗಳೆಲ್ಲ ವಾಹನದಲ್ಲಿ ಏಕೆ ಬೇಕು? ಇವಿಲ್ಲದಿದ್ದರೆ ಏನಾಗುತ್ತಿತ್ತು?

ವಾಹನದ ಪ್ರತಿಯೊಂದು ಭಾಗವೂ ಒಂದು ತೊಂದರೆಗೆ ದೊರೆತ ಉತ್ತರ. ಆ ತೊಂದರೆ ಯಾವುದೆಂದು ತಿಳಿದರೆ ಪದದ ಅರ್ಥ ತಾನಾಗಿಯೇ ತಿಳಿಯುತ್ತದೆ. ಇಂತಹ ಅನೇಕ ತೊಂದರೆಗಳನ್ನು ಒಂದೊಂದಾಗಿ ಎದುರಿಸಿ, ಪೆಟ್ರೋಲ್ ಎಂಜಿನ್‌ನಿಂದ ಓಡುವ ಗಾಡಿಯನ್ನು ಕಟ್ಟಿದವರು ಜರ್ಮನಿಯ ಎಂಜಿನಿಯರ್ ಕಾರ್ಲ್ ಬೆಂಜ್. ಅವರ ಬದುಕಿನ ಕತೆಯ ಜೊತೆಗೇ ಆ ಪದಗಳ ಕತೆಯನ್ನೂ ತಿಳಿಯೋಣ ಬನ್ನಿ.

ರೈಲು ಚಾಲಕನ ಮಗ

ಕಾರ್ಲ್ ಬೆಂಜ್ ಹುಟ್ಟಿದ್ದು 1844ರ ನವೆಂಬರ್ 25ರಂದು, ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ಪಕ್ಕದ ಮ್ಯೂಲ್‌ಬುರ್ಗ್ ಎಂಬಲ್ಲಿ. ತಂದೆ ಉಗಿಬಂಡಿಯ ಚಾಲಕರಾಗಿದ್ದರು. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ನ್ಯುಮೋನಿಯಾ ರೋಗದಿಂದ ತೀರಿಕೊಂಡರು. ಮನೆಯಲ್ಲಿ ಕಡುಬಡತನ. ಆದರೂ ತಾಯಿ ಜೋಸೆಫೀನ್ ಎದೆಗುಂದಲಿಲ್ಲ. ಎಷ್ಟೇ ಕಷ್ಟವಾದರೂ ಮಗನನ್ನು ಚೆನ್ನಾಗಿ ಓದಿಸಬೇಕೆಂದು ನಿಶ್ಚಯಿಸಿದರು.

ಬಾಲಕ ಕಾರ್ಲ್ ಓದಿನಲ್ಲಿ ಚುರುಕಾಗಿದ್ದ. ಹದಿನೈದನೆಯ ವಯಸ್ಸಿಗೇ ಕಾರ್ಲ್ಸ್‌ರೂಹೆಯ ತಾಂತ್ರಿಕ ಕಾಲೇಜಿನಲ್ಲಿ ಯಂತ್ರಶಾಸ್ತ್ರ ಕಲಿಯಲು ಸೇರಿ, 1864ರಲ್ಲಿ, 19ನೆಯ ವಯಸ್ಸಿನಲ್ಲಿ ಪದವಿ ಪಡೆದ.

ಆಗಿನ ಕಾಲದಲ್ಲಿ ಯಂತ್ರವೆಂದರೆ ಉಗಿಯಂತ್ರ. ಅದರಲ್ಲಿ ಬೆಂಕಿ ಒಂದು ಕಡೆ ಉರಿದರೆ, ಕೆಲಸ ಇನ್ನೊಂದು ಕಡೆ ನಡೆಯುತ್ತದೆ. ಕಲ್ಲಿದ್ದಲು ಉರಿಸಿ ನೀರು ಕಾಯಿಸಬೇಕು, ಉಗಿ ತುಂಬಿಕೊಳ್ಳುವವರೆಗೆ ಕಾಯಬೇಕು, ಆ ಉಗಿ ಯಂತ್ರವನ್ನು ತಳ್ಳಬೇಕು. ಹೀಗೆ ಹೊರಗೆ ಇಂಧನ ಉರಿಯುವುದರಿಂದ ಇದನ್ನು ಬಹಿರ್ದಹನ ಯಂತ್ರ ಎನ್ನುತ್ತಾರೆ. ಬಾಯ್ಲರ್, ಇದ್ದಿಲು, ನೀರು ಇವೆಲ್ಲದರ ಭಾರ ಹೊರಲು ರೈಲಿಗೆ ಕಬ್ಬಿಣದ ಹಳಿ ಇತ್ತು. ಆದರೆ ಸಾಮಾನ್ಯ ರಸ್ತೆಯಲ್ಲಿ ಹೋಗುವ ಒಂದು ಚಿಕ್ಕ ಗಾಡಿಗೆ ಅಷ್ಟು ಭಾರ ಹೇರಲು ಸಾಧ್ಯವೇ? ಹಳಿಯೂ ಇಲ್ಲದೆ, ಕುದುರೆಯೂ ಇಲ್ಲದೆ ತಾನಾಗಿ ಓಡುವ ಗಾಡಿಯೊಂದನ್ನು ಮಾಡಬೇಕೆಂಬ ಕನಸು ಬೆಂಜ್ ಅವರ ತಲೆಯಲ್ಲಿ ಅಂದಿನಿಂದಲೇ ಮೊಳೆಯಿತು.

ಮುಳುಗುತ್ತಿದ್ದ ಕಾರ್ಖಾನೆ

ಕೆಲವು ವರ್ಷ ಬೆಂಜ್ ಬೇರೆ ಬೇರೆ ಕಡೆ ದುಡಿದರು. ತಕ್ಕಡಿ ತಯಾರಿಸುವ ಕಾರ್ಖಾನೆಯಲ್ಲಿ ನಕ್ಷೆ ಬರೆದರು, ಸೇತುವೆ ಕಟ್ಟುವ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. 1871ರಲ್ಲಿ ಮಾನ್‌ಹೈಮ್ ನಗರದಲ್ಲಿ ಆಗಸ್ಟ್ ರಿಟ್ಟರ್ ಎಂಬ ಪಾಲುದಾರರ ಜೊತೆಗೂಡಿ ಸ್ವಂತ ಕಾರ್ಖಾನೆ ತೆರೆದರು. ಆದರೆ ಪಾಲುದಾರಿಕೆ ಸರಿಬರಲಿಲ್ಲ. ಸಾಲ ಬೆಳೆಯಿತು. ಕಾರ್ಖಾನೆಯ ಉಪಕರಣಗಳು ಜಪ್ತಿಯಾದವು.

ಆಗ ನೆರವಿಗೆ ಬಂದವರು ಬರ್ತಾ ರಿಂಗರ್. ಫೋರ್ಟ್ಸ್‌ಹೈಮ್ ಎಂಬ ಊರಿನ ಈ ತರುಣಿಯ ಜೊತೆ ಬೆಂಜ್ ಅವರ ಮದುವೆ ನಿಶ್ಚಯವಾಗಿತ್ತು. ತನ್ನ ಮದುವೆಗೆಂದು ಮನೆಯಲ್ಲಿ ತೆಗೆದಿಟ್ಟಿದ್ದ ಹಣವನ್ನು ಬರ್ತಾ ಮದುವೆಗೆ ಮೊದಲೇ ಪಡೆದು, ಪಾಲುದಾರನ ಪಾಲನ್ನು ಕೊಂಡುಕೊಳ್ಳಲು ಕೊಟ್ಟರು. 1872ರ ಜುಲೈ 20ರಂದು ಅವರ ಮದುವೆಯಾಯಿತು. ಅಂದು ಆ ಹಣ ಸಿಗದೆ ಹೋಗಿದ್ದರೆ ಬೆಂಜ್ ಅವರ ಗಾಡಿಯ ಕನಸು ಅಲ್ಲಿಗೇ ನಿಂತುಹೋಗುತ್ತಿತ್ತು.

ವರ್ಷದ ಕೊನೆಯ ರಾತ್ರಿ

ಉಗಿಯಂತ್ರಕ್ಕಿಂತ ಹಗುರವಾದ ಯಂತ್ರವೊಂದು ಬೇಕಿತ್ತು. ಇಂಧನವನ್ನು ಯಂತ್ರದ ಒಳಗೇ ಉರಿಸಿದರೆ ಬಾಯ್ಲರಿನ ಅಗತ್ಯವೇ ಇಲ್ಲವಲ್ಲ! ಇಂತಹ ಯಂತ್ರಕ್ಕೆ ಅಂತರ್ದಹನ ಯಂತ್ರ ಎಂದು ಹೆಸರು. ಈಗ ನಾವು ಎಂಜಿನ್ ಎಂದಾಗ ಸಾಮಾನ್ಯವಾಗಿ ಹೇಳುವುದು ಇದನ್ನೇ.

ಎಂಜಿನ್‌ನ ಒಳಗೆ ಏನಿದೆ? ಹೋಳಿ ಹಬ್ಬದ ಪಿಚಕಾರಿಯನ್ನು ನೆನಪಿಸಿಕೊಳ್ಳಿ. ಅದರ ಕೊಳವೆಯಂತೆ ಎಂಜಿನ್‌ನಲ್ಲಿ ಇರುವುದು ‘ಸಿಲಿಂಡರ್’. ಕೊಳವೆಯೊಳಗೆ ಹಿಂದೆ ಮುಂದೆ ಸರಿಯುವ ಬಿರಡೆಯಂತಹುದು ‘ಪಿಸ್ಟನ್’. ಪಿಚಕಾರಿಯಲ್ಲಿ ನಾವು ಬಿರಡೆಯನ್ನು ತಳ್ಳುತ್ತೇವೆ. ಎಂಜಿನ್‌ನಲ್ಲಿ ಇಂಧನದ ಆವಿ ಮತ್ತು ಗಾಳಿಯ ಮಿಶ್ರಣ ಒಳಗೆ ಹೊತ್ತಿ ಉರಿದು, ಬಿಸಿಯಾದ ಅನಿಲ ಹಿಗ್ಗಿ ಪಿಸ್ಟನ್ನನ್ನು ರಭಸದಿಂದ ತಳ್ಳುತ್ತದೆ.

ಆದರೆ ಪಿಸ್ಟನ್ ಹಿಂದೆ ಮುಂದೆ ಮಾತ್ರ ಚಲಿಸುತ್ತದೆ. ಗಾಡಿಗೆ ಬೇಕಾದದ್ದು ತಿರುಗುವ ಚಲನೆ. ಹೊಲಿಗೆ ಯಂತ್ರದಲ್ಲಿ ಟೈಲರ್ ಕಾಲಿನ ಹಲಗೆಯನ್ನು ಮೇಲೆ ಕೆಳಗೆ ತುಳಿದರೆ ಚಕ್ರ ತಿರುಗುವುದನ್ನು ನೀವು ಕಂಡಿದ್ದೀರಿ. ಹಲಗೆಗೂ ಚಕ್ರಕ್ಕೂ ನಡುವೆ ಒಂದು ಸರಳು ಇರುತ್ತದೆ. ಎಂಜಿನ್‌ನಲ್ಲಿ ಅಂತಹ ಸರಳಿಗೆ ‘ಕನೆಕ್ಟಿಂಗ್ ರಾಡ್’ ಎಂದೂ, ಅದು ತಿರುಗಿಸುವ ಡೊಂಕಾದ ದಂಡಕ್ಕೆ ‘ಕ್ರಾಂಕ್ ಶಾಫ್ಟ್’ ಎಂದೂ ಹೆಸರು. ಒಂದು ತಳ್ಳುವಿಕೆಗೂ ಮುಂದಿನ ತಳ್ಳುವಿಕೆಗೂ ನಡುವೆ ಯಂತ್ರ ನಿಂತುಹೋಗದಂತೆ ನೋಡಿಕೊಳ್ಳಲು ‘ಫ್ಲೈವೀಲ್’ ಎಂಬ ಭಾರದ ಚಕ್ರವಿದೆ. ಕುಂಬಾರ ಒಮ್ಮೆ ಕೋಲಿನಿಂದ ತಿರುಗಿಸಿ ಬಿಟ್ಟ ಚಕ್ರ ಬಹಳ ಹೊತ್ತು ತಿರುಗುತ್ತಲೇ ಇರುವುದಿಲ್ಲವೇ? ಇದೂ ಹಾಗೆಯೇ. ಚಲನೆಯ ಜಡತ್ವವೇ ಇದಕ್ಕೆ ಕಾರಣ.

ಬೆಂಜ್ ಇಂತಹ ಒಂದು ಎಂಜಿನ್ ಕಟ್ಟಿದರು. ಆದರೆ ಅದು ಸರಿಯಾಗಿ ನಡೆಯಲೊಲ್ಲದು. ಕೈಯಲ್ಲಿ ಹಣವೂ ಇಲ್ಲ. 1879ರ ಡಿಸೆಂಬರ್ 31ರ ರಾತ್ರಿ ಊಟವಾದ ಮೇಲೆ, ಇನ್ನೊಮ್ಮೆ ನೋಡೋಣವೆಂದು ಬರ್ತಾ ಪತಿಯನ್ನು ಕಾರ್ಖಾನೆಗೆ ಹೊರಡಿಸಿದರು. ಆ ರಾತ್ರಿ ಎಂಜಿನ್ ನಿಲ್ಲದೆ ನಡೆಯಿತು! ಗಂಡ ಹೆಂಡತಿ ಇಬ್ಬರೂ ಅದರ ಸದ್ದು ಕೇಳುತ್ತಾ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಅಷ್ಟರಲ್ಲಿ ಊರಿನ ಗಂಟೆಗಳು ಹೊಸ ವರ್ಷವನ್ನು ಸಾರಿದವು.

ಈ ಎಂಜಿನ್ ಕಾರ್ಖಾನೆಗಳ ಯಂತ್ರ ತಿರುಗಿಸಲು ಒಂದೇ ಕಡೆ ನಿಲ್ಲಿಸುವಂಥದು. ಹಣ ಹೂಡಿದವರಿಗೆ ಅಂಥ ಎಂಜಿನ್ ಮಾರಾಟವಾದರೆ ಸಾಕಾಗಿತ್ತು, ಗಾಡಿಯ ಮಾತು ಬೇಕಿರಲಿಲ್ಲ. 1883ರಲ್ಲಿ ಬೆಂಜ್ ತಾವೇ ಕಟ್ಟಿದ ಕಂಪನಿಯಿಂದ ಹೊರಬಂದರು. ಅದೇ ವರ್ಷ ಸೈಕಲ್ ಅಂಗಡಿ ನಡೆಸುತ್ತಿದ್ದ ಇಬ್ಬರ ಜೊತೆ ಸೇರಿ ಹೊಸ ಕಂಪನಿ ಆರಂಭಿಸಿದರು. ಎಂಜಿನ್‌ಗಳು ಚೆನ್ನಾಗಿ ಮಾರಾಟವಾದವು. ಆಗ ಬೆಂಜ್ ತಮ್ಮ ಹಳೆಯ ಕನಸಿನ ಕಡೆ ತಿರುಗಿದರು.

ಮೂರು ಚಕ್ರದ ಗಾಡಿ

ಇದ್ದ ಕುದುರೆಗಾಡಿಗೆ ಎಂಜಿನ್ ಕಟ್ಟಿದರೆ ಸಾಲದು, ಎಂಜಿನ್ ಮತ್ತು ಗಾಡಿ ಎರಡನ್ನೂ ಒಂದೇ ಯಂತ್ರವಾಗಿ ಯೋಚಿಸಿ ಕಟ್ಟಬೇಕು ಎಂಬುದು ಬೆಂಜ್ ಅವರ ವಿಚಾರ. 1885ರಲ್ಲಿ ಅವರ ಮೊದಲ ಗಾಡಿ ಸಿದ್ಧವಾಯಿತು. ಉಕ್ಕಿನ ಕೊಳವೆಗಳ ಚೌಕಟ್ಟು, ಸೈಕಲ್ಲಿನಂತೆ ತಂತಿಕಡ್ಡಿಗಳ ಮೂರು ಚಕ್ರ, ಹಿಂದೆ ಎಂಜಿನ್, ಅದರ ಮುಂದೆ ಕೂರಲು ಒಂದು ಆಸನ. ವಾಹನದ ಉಳಿದೆಲ್ಲ ಭಾಗಗಳನ್ನು ಹೊರುವ ಚೌಕಟ್ಟಿಗೆ ‘ಚಾಸಿ’ ಎನ್ನುತ್ತಾರೆ.

ಈ ಗಾಡಿ ಕಟ್ಟುವಾಗ ಬೆಂಜ್ ಎದುರಿಸಿದ ತೊಂದರೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಇಂಧನ. ಕಾರ್ಖಾನೆಯ ಎಂಜಿನ್‌ಗಳು ಕೊಳವೆಯಲ್ಲಿ ಬರುವ ಕಲ್ಲಿದ್ದಲ ಅನಿಲದಿಂದ ನಡೆಯುತ್ತಿದ್ದವು. ಓಡುವ ಗಾಡಿಯ ಹಿಂದೆ ಕೊಳವೆ ಎಳೆದುಕೊಂಡು ಹೋಗಲಾದೀತೇ? ಅದಕ್ಕಾಗಿ ಬೇಗ ಆವಿಯಾಗುವ ಪೆಟ್ರೋಲಿಯಂ ದ್ರವವನ್ನು ಆರಿಸಿಕೊಂಡರು. ಆದರೆ ದ್ರವ ಹಾಗೆಯೇ ಹೋದರೆ ಎಂಜಿನ್‌ನಲ್ಲಿ ಸರಿಯಾಗಿ ಉರಿಯದು. ಅದನ್ನು ಆವಿ ಮಾಡಿ ಗಾಳಿಯೊಡನೆ ಬೆರೆಸಬೇಕು. ಈ ಕೆಲಸ ಮಾಡುವ ಭಾಗವೇ ‘ಕಾರ್ಬ್ಯುರೇಟರ್’.

ಎರಡನೆಯದು ಕಿಡಿ. ಮಿಶ್ರಣ ಸರಿಯಾದ ಕ್ಷಣದಲ್ಲಿ ಹೊತ್ತಿಕೊಳ್ಳಬೇಕು. ಬೆಂಜ್ ಬ್ಯಾಟರಿ ಮತ್ತು ತಂತಿಯ ಸುರುಳಿಯ ಸಹಾಯದಿಂದ ವಿದ್ಯುತ್ ಕಿಡಿ ಹಾರುವಂತೆ ಮಾಡಿದರು. ಸಿಲಿಂಡರಿನ ಒಳಗೆ ಈ ಕಿಡಿ ಹಾರಿಸುವ ಭಾಗವೇ ‘ಸ್ಪಾರ್ಕ್ ಪ್ಲಗ್’. ಗ್ಯಾರೇಜಿನಲ್ಲಿ ಬರಿಯ ಪ್ಲಗ್ ಎನ್ನುವುದು ಇದನ್ನೇ.

ಮೂರನೆಯದು ಎಂಜಿನ್ ನಡೆಯುವ ಕ್ರಮ. ಜರ್ಮನಿಯವರೇ ಆದ ನಿಕೊಲಾಸ್ ಒಟ್ಟೊ 1876ರಲ್ಲಿ ಒಂದು ಉತ್ತಮ ಎಂಜಿನ್ ಮಾಡಿದ್ದರು. ಅದರಲ್ಲಿ ಪಿಸ್ಟನ್ ನಾಲ್ಕು ಬಾರಿ ಸರಿದರೆ ಒಂದು ಸುತ್ತಿನ ಕೆಲಸ ಮುಗಿಯುತ್ತದೆ. ಮೊದಲ ಸಲ ಮಿಶ್ರಣವನ್ನು ಒಳಗೆ ಹೀರುತ್ತದೆ. ಎರಡನೆಯ ಸಲ ಅದನ್ನು ಒತ್ತಿ ಹಿಡಿಯುತ್ತದೆ. ಮೂರನೆಯ ಸಲ ಮಿಶ್ರಣ ಹೊತ್ತಿ ಪಿಸ್ಟನ್ನನ್ನು ತಳ್ಳುತ್ತದೆ. ನಾಲ್ಕನೆಯ ಸಲ ಉರಿದ ಹೊಗೆಯನ್ನು ಹೊರದೂಡುತ್ತದೆ. ಇದೇ ‘ಫೋರ್ ಸ್ಟ್ರೋಕ್’ ಎಂಜಿನ್. ಪೇಟೆಂಟ್ ಒಟ್ಟೊ ಅವರ ಕೈಯಲ್ಲಿದ್ದುದರಿಂದ ಬೆಂಜ್ ಅವರ ಮೊದಲ ಎಂಜಿನ್‌ಗಳು ಎರಡೇ ಹೊಡೆತದಲ್ಲಿ ಕೆಲಸ ಮುಗಿಸುವ ‘ಟೂ ಸ್ಟ್ರೋಕ್’ ಆಗಿದ್ದವು. ಗಾಡಿಗೆ ಮಾತ್ರ ಅವರು ಫೋರ್ ಸ್ಟ್ರೋಕ್ ಎಂಜಿನ್ನನ್ನೇ ಬಳಸಿದರು. ಒಟ್ಟೊ ಅವರ ಪೇಟೆಂಟ್ 1886ರಲ್ಲಿ ರದ್ದಾಯಿತು.

ನಾಲ್ಕನೆಯದು ಬಿಸಿ. ಒಳಗೇ ಬೆಂಕಿ ಉರಿದರೆ ಸಿಲಿಂಡರ್ ಕೆಂಪಗೆ ಕಾಯುವುದಿಲ್ಲವೇ? ಬೆಂಜ್ ಅದರ ಸುತ್ತ ನೀರು ನಿಲ್ಲುವಂತೆ ಮಾಡಿದರು. ನೀರು ಕುದಿದು ಆವಿಯಾಗುವಾಗ ಬಿಸಿಯನ್ನು ಒಯ್ಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಆವೀಕರಣದಿಂದ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಇಲ್ಲಿಯೂ ಅದೇ ತತ್ತ್ವ. ಆದರೆ ಒಂದು ಕಷ್ಟವಿತ್ತು. ಆವಿಯಾದ ನೀರು ಮರಳಿ ಬಾರದು. ದಾರಿಯುದ್ದಕ್ಕೂ ಗಾಡಿಗೆ ನೀರು ಕುಡಿಸುತ್ತಲೇ ಇರಬೇಕಾಗಿತ್ತು.

ಐದನೆಯದು ನಿಲ್ಲಿಸುವುದು, ಹೊರಡಿಸುವುದು. ಎಂಜಿನ್ ಆರದಂತೆ ಗಾಡಿ ಮಾತ್ರ ನಿಲ್ಲಬೇಕು, ಮತ್ತೆ ಬೇಕೆಂದಾಗ ಹೊರಡಬೇಕು. ಹಿಟ್ಟಿನ ಗಿರಣಿಯಲ್ಲಿ ಮೋಟಾರಿನಿಂದ ಗಿರಣಿಗೆ ಬೆಲ್ಟ್ ಹೋಗುವುದನ್ನು ನೋಡಿದ್ದೀರಲ್ಲ? ಬೆಂಜ್ ಅವರ ಗಾಡಿಯಲ್ಲಿಯೂ ಒಂದು ಚರ್ಮದ ಬೆಲ್ಟ್ ಇತ್ತು. ಒಂದು ಹಿಡಿಕೆಯಿಂದ ಅದನ್ನು ಸುಮ್ಮನೆ ತಿರುಗುವ ರಾಟೆಯ ಮೇಲಿಂದ ಗಾಡಿಯನ್ನು ಓಡಿಸುವ ರಾಟೆಯ ಮೇಲೆ ಸರಿಸಿದರೆ ಗಾಡಿ ಹೊರಡುತ್ತಿತ್ತು. ಅಲ್ಲಿಂದ ಸರಪಳಿಗಳ ಮೂಲಕ ಬಲ ಹಿಂದಿನ ಚಕ್ರಗಳಿಗೆ ಮುಟ್ಟುತ್ತಿತ್ತು. ಎಂಜಿನ್ನನ್ನೂ ಚಕ್ರಗಳನ್ನೂ ಬೇಕೆಂದಾಗ ಜೋಡಿಸಿ, ಬೇಡವೆಂದಾಗ ಬಿಡಿಸುವ ಈ ಕೆಲಸವನ್ನು ಇಂದಿನ ವಾಹನಗಳಲ್ಲಿ ಮಾಡುವುದು ‘ಕ್ಲಚ್’. ಚಾಲಕರು ಎಡಗಾಲಿನಿಂದ ಒತ್ತುವುದು ಅದನ್ನೇ.

ಆರನೆಯದು ತಿರುವು. ಸ್ವಾತಂತ್ರ್ಯ ದಿನದ ಕವಾಯತಿನಲ್ಲಿ ನಿಮ್ಮ ಸಾಲು ಮೂಲೆಯಲ್ಲಿ ತಿರುಗುವಾಗ ಏನಾಗುತ್ತದೆ? ಒಳತುದಿಯವರು ನಿಂತಲ್ಲೇ ಹೆಜ್ಜೆ ಹಾಕುತ್ತಾರೆ, ಹೊರತುದಿಯವರು ಓಡುತ್ತಾರೆ. ಗಾಡಿ ತಿರುಗುವಾಗಲೂ ಹೊರಬದಿಯ ಚಕ್ರ ಹೆಚ್ಚು ದೂರ ಹೋಗಬೇಕು. ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬಿಗಿದರೆ ಒಂದು ಚಕ್ರ ನೆಲದ ಮೇಲೆ ಉಜ್ಜಿಕೊಂಡು ಜಾರಬೇಕಾಗುತ್ತದೆ. ಎರಡಕ್ಕೂ ಬಲ ಕೊಟ್ಟು, ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆಯೇ ‘ಡಿಫರೆನ್ಷಿಯಲ್’. ಇದು ಬೆಂಜ್ ಅವರಿಗಿಂತ ಮೊದಲೇ ಗೊತ್ತಿತ್ತು. ಅವರು ಅದನ್ನು ತಮ್ಮ ಗಾಡಿಗೆ ಅಳವಡಿಸಿದರು. ಲಾರಿಯ ಹಿಂದೆ ನಿಂತು ಕೆಳಗೆ ನೋಡಿದರೆ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಭಾಗ ಕಾಣುತ್ತದೆ. ಡಿಫರೆನ್ಷಿಯಲ್ ಇರುವುದು ಅದರೊಳಗೆ. ನಿಂತಿರುವ ಲಾರಿಯನ್ನು ದೊಡ್ಡವರ ಜೊತೆಯಲ್ಲಿ ಮಾತ್ರ ನೋಡಿ.

ಮಿಕ್ಸಿಯಷ್ಟು ಶಕ್ತಿ!

ಆ ಗಾಡಿಯ ಎಂಜಿನ್ 954 ಸಿ.ಸಿ.ಯದು. ‘ಸಿ.ಸಿ.’ ಎಂದರೆ ಘನ ಸೆಂಟಿಮೀಟರ್. ಪಿಸ್ಟನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದಾಗ ಸಿಲಿಂಡರಿನಲ್ಲಿ ತೆರವಾಗುವ ಜಾಗದ ಅಳತೆ ಇದು. ಒಂದು ಲೀಟರ್ ಎಂದರೆ 1000 ಸಿ.ಸಿ. ಅಂದರೆ ಬೆಂಜ್ ಅವರ ಸಿಲಿಂಡರ್ ಸರಿಸುಮಾರು ಒಂದು ಲೀಟರಿನದು.

ಆದರೆ ಅದರ ಶಕ್ತಿ ಮುಕ್ಕಾಲು ‘ಅಶ್ವಶಕ್ತಿ’ ಮಾತ್ರ. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಲೆಕ್ಕ ಹಾಕಿ ನೋಡಿ. ಮುಕ್ಕಾಲು ಅಶ್ವಶಕ್ತಿ ಸುಮಾರು 560 ವಾಟ್ ಆಗುತ್ತದೆ. ಅಡುಗೆಮನೆಯ ಮಿಕ್ಸಿಯ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ! ಇಂದಿನ 100 ಸಿ.ಸಿ. ಬೈಕ್ ಸುಮಾರು 8 ಅಶ್ವಶಕ್ತಿ ಕೊಡುತ್ತದೆ. ಹತ್ತು ಪಟ್ಟು ಚಿಕ್ಕ ಎಂಜಿನ್‌ನಿಂದ ಹತ್ತು ಪಟ್ಟು ಹೆಚ್ಚು ಶಕ್ತಿ ಹೇಗೆ ಸಾಧ್ಯ? ಬೆಂಜ್ ಅವರ ಎಂಜಿನ್ ನಿಮಿಷಕ್ಕೆ ಸುಮಾರು 400 ಸುತ್ತು ತಿರುಗುತ್ತಿತ್ತು. ಇಂದಿನ ಬೈಕಿನ ಎಂಜಿನ್ ಸಾವಿರಾರು ಸುತ್ತು ತಿರುಗುತ್ತದೆ. ಮಿಶ್ರಣವನ್ನೂ ಹೆಚ್ಚು ಬಲವಾಗಿ ಒತ್ತುತ್ತದೆ. ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು ಹೇಳುವ ಅಳತೆಯೇ ‘ಆರ್.ಪಿ.ಎಂ.’

ಮೊದಮೊದಲ ಓಟಗಳು ಸುಲಭವಾಗಿರಲಿಲ್ಲ. ಒಮ್ಮೆ ಗಾಡಿ ಹತೋಟಿ ತಪ್ಪಿ ಗೋಡೆಗೆ ಗುದ್ದಿತು. ಬೆಂಜ್ ಎದೆಗುಂದದೆ ತಿದ್ದುತ್ತಾ ಹೋದರು. 1886ರ ಜನವರಿ 29ರಂದು ಪೇಟೆಂಟ್‌ಗೆ ಅರ್ಜಿ ಹಾಕಿದರು. ಅದಕ್ಕೆ 37435 ಎಂಬ ಸಂಖ್ಯೆ ದೊರೆಯಿತು. ‘ಪೇಟೆಂಟ್’ ಎಂದರೆ ಹೊಸದನ್ನು ಕಂಡುಹಿಡಿದವರಿಗೆ ಕೆಲವು ವರ್ಷಗಳ ಕಾಲ ಸರಕಾರ ಕೊಡುವ ಹಕ್ಕು. ಅದೇ ವರ್ಷದ ಜುಲೈ 3ರಂದು ಮಾನ್‌ಹೈಮ್‌ನ ಬೀದಿಯಲ್ಲಿ ಜನರ ಮುಂದೆ ಗಾಡಿ ಓಡಿತು. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್.

ತವರಿಗೆ ಹೊರಟ ಬರ್ತಾ

ಗಾಡಿ ಓಡಿತು, ಆದರೆ ಕೊಳ್ಳುವವರು ಯಾರು? ಕುದುರೆಗಳು ಬೆದರುತ್ತವೆ, ಸದ್ದು ಹೆಚ್ಚು, ವಾಸನೆ ಬೇರೆ. ಊರಿನೊಳಗೆ ಒಂದು ಸುತ್ತು ಹಾಕಬಹುದು, ದೂರದ ಊರಿಗೆ ಇದನ್ನು ನಂಬಿ ಹೋಗಲಾದೀತೇ ಎಂಬುದು ಜನರ ಸಂಶಯ. ಬೆಂಜ್ ಗಾಡಿಯನ್ನು ತಿದ್ದುವುದರಲ್ಲೇ ಮುಳುಗಿದ್ದರು. ಹಾಕಿದ ಹಣವೆಲ್ಲ ನೀರಿನಲ್ಲಿ ಹೋಗುವ ಭಯ ಮತ್ತೆ ಎದುರಾಯಿತು.

1888ರ ಆಗಸ್ಟ್ ತಿಂಗಳಿನಲ್ಲಿ ಒಂದು ಬೆಳಗಿನ ಜಾವ, ಪತಿಗೆ ತಿಳಿಸದೆ ಬರ್ತಾ ಗಾಡಿ ಹೊರಡಿಸಿದರು. ಜೊತೆಗೆ 15 ವರ್ಷದ ಯೂಜೆನ್ ಮತ್ತು 13 ವರ್ಷದ ರಿಚರ್ಡ್ ಎಂಬ ಇಬ್ಬರು ಗಂಡುಮಕ್ಕಳು. ಹೋಗಬೇಕಾದದ್ದು ತವರೂರು ಫೋರ್ಟ್ಸ್‌ಹೈಮ್‌ಗೆ. ದೂರ ನೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಅಂಥ ಗಾಡಿಯಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ.

ಗಾಡಿಗೆ ಪ್ರತ್ಯೇಕ ಇಂಧನ ಟ್ಯಾಂಕ್ ಇರಲಿಲ್ಲ. ಕಾರ್ಬ್ಯುರೇಟರಿನಲ್ಲಿ ಹಿಡಿಯುತ್ತಿದ್ದುದು ಸುಮಾರು ನಾಲ್ಕೂವರೆ ಲೀಟರ್. ದಾರಿಯಲ್ಲಿ ಇಂಧನ ತೀರುತ್ತಾ ಬಂತು. ಆಗ ಪೆಟ್ರೋಲ್ ಬಂಕ್ ಎಲ್ಲಿತ್ತು? ಬಟ್ಟೆಯ ಕಲೆ ತೆಗೆಯಲು ಬಳಸುವ ಲಿಗ್ರೋಯಿನ್ ಎಂಬ ದ್ರವ ಔಷಧಿ ಅಂಗಡಿಯಲ್ಲಿ ಸಿಗುತ್ತದೆಂದು ಬರ್ತಾಗೆ ಗೊತ್ತಿತ್ತು. ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಅದನ್ನು ಕೊಂಡು ಗಾಡಿಗೆ ಸುರಿದರು. ಆ ಅಂಗಡಿಯನ್ನು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಜನ ಇಂದಿಗೂ ನೆನೆಯುತ್ತಾರೆ.

ಇಂಧನ ಬರುವ ಕೊಳವೆ ಕಟ್ಟಿಕೊಂಡಿತು. ಬರ್ತಾ ತಮ್ಮ ಟೋಪಿಯ ಪಿನ್ ತೆಗೆದು ಚುಚ್ಚಿ ಸರಿಮಾಡಿದರು. ಕಿಡಿಗೆ ವಿದ್ಯುತ್ ಒಯ್ಯುವ ತಂತಿಯ ಹೊದಿಕೆ ಸವೆದು ಹೋಯಿತು. ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನು ಬಿಚ್ಚಿ ಅದಕ್ಕೆ ಸುತ್ತಿದರು. ಆ ಬಟ್ಟೆ ಅವಾಹಕವಾಗಿ ಕೆಲಸ ಮಾಡಿತು. ಸರಪಳಿ ಸಡಿಲವಾದಾಗ ಒಬ್ಬ ಕಮ್ಮಾರನ ನೆರವು ಪಡೆದರು. ನೀರು ಮಾತ್ರ ಸಿಕ್ಕ ಸಿಕ್ಕಲ್ಲಿ ತುಂಬುತ್ತಲೇ ಇರಬೇಕಾಯಿತು.

ಏರುದಾರಿ ಬಂತು. ಗಾಡಿಗೆ ಹತ್ತುವ ಶಕ್ತಿ ಸಾಲದು. ಇಳಿದು ತಳ್ಳಿದರು. ಇಳಿಜಾರು ಬಂತು. ಬ್ರೇಕಿನ ಮರದ ತುಂಡುಗಳು ತಿಕ್ಕಾಟದಿಂದ ಸವೆದುಹೋಗಿದ್ದವು. ಬರ್ತಾ ದಾರಿಯಲ್ಲಿ ಒಬ್ಬ ಚಮ್ಮಾರನನ್ನು ಕಂಡು, ಆ ತುಂಡುಗಳಿಗೆ ಚರ್ಮ ಹೊಡೆಸಿದರು. ಬ್ರೇಕಿಗೆ ಘರ್ಷಣೆ ಬೇಕು, ಆದರೆ ಘರ್ಷಣೆಯಿಂದ ಸವೆಯುವುದು ಬದಲಾಯಿಸಲು ಸುಲಭವಾದ ಒಂದು ಹೊದಿಕೆಯಾಗಿರಬೇಕು. ಇದೇ ‘ಬ್ರೇಕ್ ಲೈನರ್’. ಇಂದು ಗ್ಯಾರೇಜಿನಲ್ಲಿ ಲೈನರ್ ಬದಲಾಯಿಸುವಾಗಲೆಲ್ಲ ನಡೆಯುವುದು ಬರ್ತಾ ಅಂದು ದಾರಿಯಲ್ಲಿ ಮಾಡಿಸಿದ ಕೆಲಸವೇ.

ಕತ್ತಲಾಗುವ ಹೊತ್ತಿಗೆ ಮೂವರೂ ಫೋರ್ಟ್ಸ್‌ಹೈಮ್ ತಲುಪಿದರು. ತಲುಪಿದೆವೆಂದು ಬೆಂಜ್ ಅವರಿಗೆ ತಂತಿ ಕಳುಹಿಸಿದರು. ಕೆಲವು ದಿನಗಳ ನಂತರ ಅದೇ ಗಾಡಿಯಲ್ಲಿ ಮರಳಿ ಬಂದರು.

ಬರ್ತಾ ಬರಿಗೈಯಲ್ಲಿ ಮರಳಲಿಲ್ಲ. ಗಾಡಿಯ ಕೊರತೆಗಳ ಪಟ್ಟಿಯೇ ಅವರ ಬಳಿ ಇತ್ತು. ಏರು ಹತ್ತಲು ಇನ್ನೊಂದು ‘ಗೇರ್’ ಬೇಕೆಂಬುದು ಅದರಲ್ಲಿ ಮುಖ್ಯವಾದದ್ದು. ಗೇರ್ ಎಂದರೆ ವೇಗ ಮತ್ತು ಬಲದ ನಡುವಿನ ಕೊಡುಕೊಳ್ಳುವಿಕೆ. ಎಂಜಿನ್ ಹಲವು ಸುತ್ತು ತಿರುಗಿ ಚಕ್ರ ಒಂದೇ ಸುತ್ತು ತಿರುಗಿದರೆ ವೇಗ ಕಡಿಮೆಯಾಗುತ್ತದೆ, ತಳ್ಳುವ ಬಲ ಹೆಚ್ಚುತ್ತದೆ. ಘಾಟಿ ರಸ್ತೆಯಲ್ಲಿ ಬಸ್ಸು ಒಂದನೆಯ ಗೇರಿನಲ್ಲಿ ಗುರುಗುಟ್ಟುತ್ತಾ ನಿಧಾನ ಹತ್ತುವುದು ಇದಕ್ಕಾಗಿಯೇ. ಬೆಂಜ್ ಆ ಕೊರತೆಗಳನ್ನು ಸರಿಪಡಿಸಿದರು. ಬರ್ತಾ ಪ್ರಯಾಣದ ಸುದ್ದಿ ಎಲ್ಲೆಡೆ ಹರಡಿತು. ಅದೇ ವರ್ಷ ಮ್ಯೂನಿಕ್ ನಗರದ ವಸ್ತುಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ದೊರೆಯಿತು.

ನಾಲ್ಕನೆಯ ಚಕ್ರ

ಮೊದಲ ಗಾಡಿಗೆ ಮೂರೇ ಚಕ್ರ ಏಕೆ? ಮುಂದೆ ಎರಡು ಚಕ್ರವಿದ್ದರೆ ಅವನ್ನು ಸರಿಯಾಗಿ ತಿರುಗಿಸುವ ಬಗೆ ಬೆಂಜ್ ಅವರಿಗೆ ಆಗ ಸಿಕ್ಕಿರಲಿಲ್ಲ. ತಿರುವಿನಲ್ಲಿ ಒಳಬದಿಯ ಚಕ್ರ ಸ್ವಲ್ಪ ಹೆಚ್ಚು ಓರೆಯಾಗಬೇಕು, ಹೊರಬದಿಯದು ಸ್ವಲ್ಪ ಕಡಿಮೆ. 1893ರಲ್ಲಿ ಅವರು ಇದಕ್ಕೆ ಉತ್ತರ ಕಂಡು, ಪ್ರತಿ ಮುಂಚಕ್ರವೂ ತನ್ನದೇ ಕೀಲಿನ ಮೇಲೆ ತಿರುಗುವ ‘ಸ್ಟಿಯರಿಂಗ್’ ಜೋಡಣೆಗೆ ಪೇಟೆಂಟ್ ಪಡೆದರು. ಅಲ್ಲಿಂದ ನಾಲ್ಕು ಚಕ್ರದ ಗಾಡಿಗಳು ಬಂದವು.

1894ರಲ್ಲಿ ಆರಂಭವಾದ ‘ವೆಲೊ’ ಎಂಬ ಚಿಕ್ಕ ಕಾರು ಸುಮಾರು 1200ರಷ್ಟು ತಯಾರಾಯಿತು. 1895ರಲ್ಲಿ ಬೆಂಜ್ ಎಂಜಿನ್ನಿನ ಬಸ್ಸೊಂದು ಜರ್ಮನಿಯ ಸೀಗೆನ್ ಊರಿನ ಸುತ್ತಮುತ್ತ ಜನರನ್ನು ಹೊತ್ತು ಓಡಿತು. 1899ರಲ್ಲಿ ಒಂದೇ ವರ್ಷ 572 ವಾಹನಗಳನ್ನು ಮಾಡಿದ ಬೆಂಜ್ ಕಂಪನಿ ಜಗತ್ತಿನಲ್ಲೇ ದೊಡ್ಡ ಕಾರು ತಯಾರಕನಾಗಿತ್ತು.

ಆದರೆ ನೀರಿನ ಕಷ್ಟ ಇನ್ನೂ ಇತ್ತು. 1894ರಲ್ಲಿ ಒಬ್ಬ ಶ್ರೀಮಂತ ತರುಣ ಬೆಂಜ್ ಕಾರಿನಲ್ಲಿ 939 ಕಿಲೋಮೀಟರ್ ಪ್ರಯಾಣ ಮಾಡಿದಾಗ ಎಂಜಿನ್ ತಂಪಾಗಿಡಲು ಸುಮಾರು 1500 ಲೀಟರ್ ನೀರು ಬೇಕಾಯಿತು! ಅದೇ ನೀರನ್ನು ಗಾಳಿಯಿಂದ ತಣಿಸಿ ಮತ್ತೆ ಮತ್ತೆ ಬಳಸಿದರೆ? ಆ ಕೆಲಸ ಮಾಡುವುದು ‘ರೇಡಿಯೇಟರ್’. ಜೇನುಗೂಡಿನಂತೆ ಸಣ್ಣ ಸಣ್ಣ ಕಿಂಡಿಗಳಿರುವ ರೇಡಿಯೇಟರನ್ನು ಬಳಕೆಗೆ ತಂದವರು ಬೆಂಜ್ ಅಲ್ಲ. ಪ್ರತಿಸ್ಪರ್ಧಿ ಡೈಮ್ಲರ್ ಕಂಪನಿಯ ವಿಲ್‌ಹೆಲ್ಮ್ ಮೇಬಾಕ್ ಅದನ್ನು 1901ರ ಮರ್ಸಿಡಿಸ್ ಕಾರಿನಲ್ಲಿ ಅಳವಡಿಸಿದರು.

ಆ ಕಾರು ಬಂದಮೇಲೆ ಬೆಂಜ್ ಕಾರುಗಳು ಹಳೆಯವಾಗಿ ಕಂಡವು. ವೇಗದ ಕಾರುಗಳಿಗಾಗಿ ಕಂಪನಿ ಫ್ರಾನ್ಸಿನಿಂದ ವಿನ್ಯಾಸಕಾರರನ್ನು ಕರೆಸಿದ್ದು ಬೆಂಜ್ ಅವರಿಗೆ ಒಪ್ಪಿಗೆಯಾಗಲಿಲ್ಲ. 1903ರಲ್ಲಿ ದಿನನಿತ್ಯದ ಆಡಳಿತದಿಂದ ಹೊರಬಂದರು. 1906ರಲ್ಲಿ ಲಾಡೆನ್‌ಬುರ್ಗ್ ಎಂಬ ಪುಟ್ಟ ಊರಿನಲ್ಲಿ ಮಕ್ಕಳೊಂದಿಗೆ ಇನ್ನೊಂದು ಚಿಕ್ಕ ಕಾರ್ಖಾನೆ ತೆರೆದರು. 1914ರಲ್ಲಿ ತಾವು ಓದಿದ ಕಾರ್ಲ್ಸ್‌ರೂಹೆಯ ಸಂಸ್ಥೆಯೇ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1926ರಲ್ಲಿ ಬೆಂಜ್ ಮತ್ತು ಡೈಮ್ಲರ್ ಕಂಪನಿಗಳು ಒಂದಾದವು. 1929ರ ಏಪ್ರಿಲ್ 4ರಂದು, 84ನೆಯ ವಯಸ್ಸಿನಲ್ಲಿ ಕಾರ್ಲ್ ಬೆಂಜ್ ಲಾಡೆನ್‌ಬುರ್ಗ್‌ನಲ್ಲಿ ತೀರಿಕೊಂಡರು.

ಪೇಟೆಂಟ್ ಪತ್ರದಲ್ಲಿ ಬರ್ತಾ ಹೆಸರು ಎಲ್ಲಿಯೂ ಇಲ್ಲ. 1944ರ ಮೇ 3ರಂದು, ಅವರಿಗೆ 95 ವರ್ಷ ತುಂಬಿದ ದಿನ, ಕಾರ್ಲ್ಸ್‌ರೂಹೆಯ ಅದೇ ಸಂಸ್ಥೆ ಅವರಿಗೆ ಗೌರವ ಸೆನೆಟರ್ ಪದವಿ ನೀಡಿತು. ಎರಡೇ ದಿನಗಳ ನಂತರ ಅವರು ತೀರಿಕೊಂಡರು. ಅವರು ಗಾಡಿ ಓಡಿಸಿದ ದಾರಿಗೆ 2008ರಲ್ಲಿ ಅವರ ಹೆಸರಿನ ಸ್ಮಾರಕ ಮಾರ್ಗವೆಂಬ ಮನ್ನಣೆ ದೊರೆಯಿತು. 2011ರಲ್ಲಿ ಬೆಂಜ್ ಅವರ ಪೇಟೆಂಟ್ ಪತ್ರ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು.

ಪದಗಳಿಗೂ ಆಯಸ್ಸು ಇದೆ

ಈಗ ಬರುತ್ತಿರುವ ಹೊಸ ಬೈಕು, ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಬೇಕಾದಷ್ಟೇ ಇಂಧನವನ್ನು ಅಳೆದು ಚಿಮ್ಮಿಸುವ ‘ಫ್ಯೂಯೆಲ್ ಇಂಜೆಕ್ಟರ್’ ಅದರ ಜಾಗಕ್ಕೆ ಬಂದಿದೆ. ಎಂಜಿನ್ ಉಗುಳುವ ಹೊಗೆ ಗಾಳಿಯನ್ನು ಕೆಡಿಸುವುದರಿಂದ ವಿದ್ಯುತ್ ವಾಹನಗಳೂ ರಸ್ತೆಗಿಳಿದಿವೆ. ಅವುಗಳಲ್ಲಿ ಸಿಲಿಂಡರ್, ಪಿಸ್ಟನ್, ಸ್ಪಾರ್ಕ್ ಪ್ಲಗ್ ಯಾವುವೂ ಇಲ್ಲ. ಆದರೆ ನಿಲ್ಲಲು ಬ್ರೇಕ್ ಬೇಕು, ತಿರುಗಲು ಸ್ಟಿಯರಿಂಗ್ ಬೇಕು. ಹೆಚ್ಚಿನ ವಿದ್ಯುತ್ ಕಾರುಗಳಲ್ಲಿ ಡಿಫರೆನ್ಷಿಯಲ್ ಕೂಡ ಇದೆ. ತೊಂದರೆ ಇಲ್ಲವಾದರೆ ಅದರ ಉತ್ತರವೂ ಮರೆಯಾಗುತ್ತದೆ. ತೊಂದರೆ ಉಳಿದರೆ ಉತ್ತರವೂ ಉಳಿಯುತ್ತದೆ. ಮುಂದಿನ ಸಲ ಗ್ಯಾರೇಜಿನಲ್ಲಿ ಹೊಸ ಪದವೊಂದು ಕಿವಿಗೆ ಬಿದ್ದರೆ, ಅದು ಯಾವ ತೊಂದರೆಗೆ ಉತ್ತರವೆಂದು ಮೆಕ್ಯಾನಿಕ್ ಅಣ್ಣನನ್ನು ಕೇಳಿ ತಿಳಿಯಿರಿ.

ನಿಮಗಿದು ಗೊತ್ತೇ?

ಜರ್ಮನ್ ಭಾಷೆಯಲ್ಲಿ ಪೆಟ್ರೋಲಿಗೆ ‘ಬೆಂಜೀನ್’ ಎನ್ನುತ್ತಾರೆ. ಇದು ಕಾರ್ಲ್ ಬೆಂಜ್ ಅವರಿಂದ ಬಂದ ಹೆಸರಲ್ಲ! 1833ರಲ್ಲಿ, ಅಂದರೆ ಬೆಂಜ್ ಹುಟ್ಟುವ 11 ವರ್ಷ ಮೊದಲೇ, ಮಿಚರ್ಲಿಕ್ ಎಂಬ ರಸಾಯನ ವಿಜ್ಞಾನಿ ಬೆಂಜಾಯಿನ್ ಎಂಬ ಮರದ ಅಂಟಿನಿಂದ ದೊರೆತ ಆಮ್ಲದಿಂದ ಒಂದು ದ್ರವವನ್ನು ಪಡೆದು ಅದಕ್ಕೆ ಈ ಹೆಸರಿಟ್ಟರು. ಆ ಅಂಟು ಯಾವುದು ಗೊತ್ತೇ? ನಮ್ಮ ಮನೆಗಳಲ್ಲಿ ಧೂಪಕ್ಕೆ ಹಾಕುವ ಸಾಂಬ್ರಾಣಿ!

ಮಾಡಿ ನೋಡಿ

ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹಿಂದಿನ ಚಕ್ರದ ಟೈರಿಗೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ. ಪೆಡಲನ್ನು ಕೈಯಿಂದ ನಿಧಾನವಾಗಿ ಸರಿಯಾಗಿ ಒಂದು ಸುತ್ತು ತಿರುಗಿಸಿ. ಚಕ್ರ ಎಷ್ಟು ಸುತ್ತು ತಿರುಗಿತು? ಈಗ ಪೆಡಲಿನ ಹಲ್ಲುಚಕ್ರದ ಹಲ್ಲುಗಳನ್ನೂ ಹಿಂಚಕ್ರದ ಚಿಕ್ಕ ಹಲ್ಲುಚಕ್ರದ ಹಲ್ಲುಗಳನ್ನೂ ಎಣಿಸಿ ಭಾಗಿಸಿ. ಉದಾಹರಣೆಗೆ 44 ಮತ್ತು 18 ಆಗಿದ್ದರೆ ಉತ್ತರ ಸುಮಾರು 2.4. ನೀವು ಎಣಿಸಿದ ಸುತ್ತಿಗೆ ಇದು ಹೊಂದುತ್ತದೆಯೇ? ಚಕ್ರ ತಿರುಗುವಾಗ ಸರಪಳಿಯ ಬಳಿ ಬೆರಳು ಒಯ್ಯಬೇಡಿ.

ಯೋಚಿಸಿ ಉತ್ತರಿಸಿ

1. ಬೆಂಜ್ ಅವರ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 400 ಸುತ್ತು ತಿರುಗಿದರೆ, ಸಿಲಿಂಡರಿನಲ್ಲಿ ನಿಮಿಷಕ್ಕೆ ಎಷ್ಟು ಬಾರಿ ಮಿಶ್ರಣ ಹೊತ್ತಿಕೊಳ್ಳಬೇಕು? (ಸುಳಿವು: ಎರಡು ಹೊಡೆತಕ್ಕೆ ಒಂದು ಸುತ್ತು.)
2. ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಏಕೆ ಬೇಕಿಲ್ಲ?
3. ಬರ್ತಾ ದಾರಿಯಲ್ಲಿ ಮಾಡಿದ ದುರಸ್ತಿಗಳಲ್ಲಿ ಘರ್ಷಣೆ ಮತ್ತು ವಿದ್ಯುತ್ ಅವಾಹಕ ಎಂಬ ಪಾಠಗಳು ಎಲ್ಲೆಲ್ಲಿ ಕಾಣುತ್ತವೆ?